ಮ್ಯಾಕ್‌ಸೋರ್ಲೀಸ್‌ನ ಮೂಳೆಗಳು, ಮಗ್ಗುಗಳು

ಒಳಗೆ ಕಾಲಿಟ್ಟರೆ ನೆಲದ ತುಂಬ ಮರದ ಹೊಟ್ಟು. ನ್ಯೂಯಾರ್ಕಿನ ಈಸ್ಟ್ 7ನೇ ಬೀದಿಯ ‘ಮ್ಯಾಕ್‌ಸೋರ್ಲೀಸ್ ಓಲ್ಡ್ ಏಲ್ ಹೌಸ್’ನಲ್ಲಿ ಬಿಯರು ಎರಡೇ ಬಗೆ: ಲೈಟ್, ಇಲ್ಲವೇ ಡಾರ್ಕ್. ಯಾವುದನ್ನು ಹೇಳಿದರೂ ಬರುವುದು ಒಂದಲ್ಲ, ಎರಡು ಚಿಕ್ಕ ಮಗ್ಗು. ಮಾಣಿ ಹತ್ತಾರು ಮಗ್ಗುಗಳ ಹಿಡಿಗಳನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಜನರ ನಡುವೆ ನುಸುಳಿ ಬಂದು, ಮೇಜಿನ ಮೇಲೆ ಧಡ್ಡನೆ ಇಳಿಸುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಜೊತೆಗೆ ಚೀಸು, ಹಸಿ ಈರುಳ್ಳಿ, ಮೂಗಿಗೇರುವ ಸಾಸಿವೆ.

ಐರ್ಲೆಂಡಿನಿಂದ ಬಂದ ಜಾನ್ ಮ್ಯಾಕ್‌ಸೋರ್ಲಿ ಇದನ್ನು 1854ರಲ್ಲಿ ತೆರೆದ ಎನ್ನುತ್ತದೆ ಅಂಗಡಿ. ಅಷ್ಟು ಹಳೆಯದಲ್ಲ ಎನ್ನುವ ಸಂಶೋಧಕರೂ ಇದ್ದಾರೆ. ಅಮೆರಿಕದ ಪಾನನಿಷೇಧದ ಕಾಲವನ್ನೂ ಇದು ದಾಟಿತು. ಚಿತ್ರಕಾರ ಜಾನ್ ಸ್ಲೋನ್ ಇದರ ಚಿತ್ರ ಬರೆದ, ಲೇಖಕ ಜೋಸೆಫ್ ಮಿಚೆಲ್ ಇದರ ಕಥೆ ಬರೆದ.

ನನ್ನ ಕಣ್ಣು ನೆಟ್ಟಿದ್ದು ಕೌಂಟರಿನ ಮೇಲಿನ ಹಳೆಯ ದೀಪದ ಮೇಲೆ. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ಟರ್ಕಿ ಕೋಳಿಯ ಎದೆಯ ಕವಲುಮೂಳೆಗಳನ್ನು ಅಲ್ಲಿ ತೂಗುಹಾಕಿ ಹೋದರಂತೆ. ಮರಳಿ ಬಂದವರು ತಮ್ಮದನ್ನು ತೆಗೆದುಕೊಂಡರಂತೆ. ಉಳಿದವು ಬಾರದವರವು. ದಶಕಗಳ ಕಾಲ ಯಾರೂ ಮುಟ್ಟದೆ ದೂಳು ಗೊಂಚಲುಗಟ್ಟಿ ಜೋತುಬಿದ್ದಿತ್ತು. 2011ರಲ್ಲಿ ಆರೋಗ್ಯ ಇಲಾಖೆಯ ಕಾಟ ತಾಳಲಾರದೆ ಮಾಲೀಕ ಮ್ಯಾಥ್ಯೂ ಮಹೆರ್ ಆ ದೂಳನ್ನು ತಾವೇ ಝಾಡಿಸಿದರು, ಬೇರೆಯವರ ಕೈಗೆ ಆ ಕೆಲಸ ಕೊಡಲಿಲ್ಲ. ಬಿಯರಿನ ಮಗ್ಗಿಗೆ ದೂಳು ಬೀಳಬಾರದು, ಒಪ್ಪೋಣ. ಆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಅಂಗಡಿಯ ಮೇಲೆ ಪ್ರೀತಿ ಹುಟ್ಟಿದಷ್ಟೇ ಸಿಟ್ಟೂ ಬರುತ್ತದೆ. ‘ಒಳ್ಳೆಯ ಏಲ್, ಹಸಿ ಈರುಳ್ಳಿ, ಹೆಂಗಸರಿಲ್ಲ’ ಎಂಬುದೇ ಇಲ್ಲಿನ ಘೋಷವಾಕ್ಯವಾಗಿತ್ತು. 1939ರಲ್ಲಿ ತಂದೆಯಿಂದ ಅಂಗಡಿ ಡೊರೊಥಿ ಕಿರ್ವನ್ ಪಾಲಿಗೆ ಬಂತು. ಒಡತಿಯೇ ಆದರೂ, ಅಪ್ಪನಿಗೆ ಕೊಟ್ಟ ಮಾತಿನಂತೆ ಆಕೆ ವ್ಯಾಪಾರದ ಹೊತ್ತಿನಲ್ಲಿ ಒಳಗೆ ಬರುತ್ತಿರಲಿಲ್ಲ! ಫೇಯ್ತ್ ಸೈಡನ್‌ಬರ್ಗ್, ಕ್ಯಾರೆನ್ ಡಿಕ್ರೋ ಎಂಬ ಇಬ್ಬರು ಮಹಿಳೆಯರು ಕೋರ್ಟಿಗೆ ಹೋದ ಮೇಲೆ, 1970ರ ಆಗಸ್ಟ್‌ನಲ್ಲಿ ಹೆಂಗಸರಿಗೆ ಬಾಗಿಲು ತೆರೆಯಿತು. ಮೊದಲು ಒಳಗೆ ಹೋಗುವ ಅವಕಾಶ ಡೊರೊಥಿಗಿತ್ತು, ಆಕೆ ಒಲ್ಲೆ ಎಂದರು. ಆಗ ಮೊದಲ ಗಿರಾಕಿಯಾದವರು ಅಲ್ಲೇ ಪಕ್ಕದಲ್ಲಿ ಚರ್ಮದ ಚಪ್ಪಲಿ, ಬೆಲ್ಟು ಮಾಡಿ ಮಾರುತ್ತಿದ್ದ ಬಾರ್ಬರಾ ಶಾಮ್.

ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಕಟ್ಟಿಸಲು ಮತ್ತೆ 16 ವರ್ಷ ಹಿಡಿಯಿತು. ನಾನು ಹೋದ ಮಧ್ಯಾಹ್ನ ಕಿಟಕಿ ಪಕ್ಕದ ದೊಡ್ಡ ಮೇಜು ಪೂರ್ತಿ ಹೆಂಗಸರದೇ. ಇನ್ನೊಂದು ಸುತ್ತು ಡಾರ್ಕ್ ತರಲು ಮಾಣಿಯನ್ನು ಕೂಗುತ್ತಿದ್ದರು.