ಊರಿನ ಶಾಲೆ ಯಾರದು?

ತಲಕಾಡಿನ ಸಮೀಪದಲ್ಲಿ, ಕಾವೇರಿಯು ಬಾಗಿ ಹರಿಯುವ ಎಡೆಯಲ್ಲಿ ಮುಡುಕುತೊರೆಯೆಂಬ ಊರುಂಟು. ಅಲ್ಲಿನ ಗುಡ್ಡದ ಮೇಲಿರುವ ಮಲ್ಲಿಕಾರ್ಜುನಸ್ವಾಮಿಯ ದೇವಸ್ಥಾನವನ್ನೂ, ವರ್ಷಕ್ಕೊಮ್ಮೆ ಕೂಡುವ ದನಗಳ ಜಾತ್ರೆಯನ್ನೂ ಅರಿಯದವರು ಈ ಸೀಮೆಯಲ್ಲಿ ವಿರಳ. ತೇರಿನ ಹಗ್ಗಕ್ಕೆ ಕೈಹಚ್ಚಲು ನಮ್ಮ ಜನರು ಯಾರ ಹುಕುಮಿಗೂ ಕಾಯುವುದಿಲ್ಲ, ತೇರು ಊರಿನದು. ಶಾಲೆಯ ಮಾತು ಬಂದರೆ ಮಾತ್ರ, "ಅದು ಸರ್ಕಾರದ್ದು" ಎಂಬ ಉತ್ತರ ದೊರೆಯುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಕೊಂಚ ವಿಚಾರಿಸೋಣ.

ಶಾಲೆಯ ಆಡಳಿತವು ಒಂದೇ ಕೈಯಲ್ಲಿ ನಿಂತದ್ದಲ್ಲ. ಶ್ರೀ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ ಮೈಸೂರು ಸಂಸ್ಥಾನವು ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನನ್ನು ಹೊರಡಿಸಿತು. 1930ರ ರೆಗ್ಯುಲೇಷನ್ನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಮಂಡಲಿಗಳಿಗೆ ಒಪ್ಪಿಸಿತು. 1941ರ ಕಾಯಿದೆಯು ಅವನ್ನು ಮರಳಿ ಸರ್ಕಾರದ ವಶಕ್ಕೆ ತಂದಿತು. ಅರವತ್ತು ವರ್ಷಗಳ ಮೇಲೆ, 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ, ಕರ್ನಾಟಕವು ಶಾಲೆ ಶಾಲೆಗೂ 'ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ'ಯನ್ನು ಏರ್ಪಡಿಸಿತು. ಅಧಿಕಾರವು ಹೀಗೆ ಹೋಗಿ ಬಂದು ಮಾಡಿದರೂ ಶಾಲೆ ತಮ್ಮದೆಂಬ ಭಾವವು ಜನರಲ್ಲಿ ಬೇರೂರಲಿಲ್ಲವೆಂದರೆ, ಕೈ ಬದಲಾದ ಮಾತ್ರಕ್ಕೆ ಸುಧಾರಣೆಯಾಗದೆಂಬುದು ಸ್ಪಷ್ಟ.

ಈಗಿನ ಕಾನೂನು ತಾಯಿತಂದೆಗಳಿಗೆ ಕೊಟ್ಟಿರುವುದು ಅಲ್ಪವಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 21ನೆಯ ಪ್ರಕರಣದ ಮೇರೆಗೆ, ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಾಯಿತಂದೆಗಳು ಅಥವಾ ಪೋಷಕರು ಇರಬೇಕು. ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ಹಿಂದುಳಿದ ಹಾಗೂ ದುರ್ಬಲ ವರ್ಗದವರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನವಿರಬೇಕು. ಶಾಲೆಯ ನಡೆವಳಿಕೆಯನ್ನು ಗಮನಿಸುವುದು, ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣದ ವಿನಿಯೋಗವನ್ನು ನೋಡುವುದು ಇವು ಅದರ ಕರ್ತವ್ಯಗಳು. ಆ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕೆಂದು 22ನೆಯ ಪ್ರಕರಣವು ವಿಧಿಸಿದೆ.

ಹಾಗಾದರೆ ಕೊರತೆಯೆಲ್ಲಿ? ಸಭೆಯು ಹಗಲು ಹನ್ನೊಂದು ಗಂಟೆಗೆ ಕೂಡಿತೆನ್ನಿ. ನಾಟಿಯ ಗದ್ದೆಗೆ ಹೋಗುವ ತಾಯಿಯು ಅಲ್ಲಿಗೆ ಬರಬೇಕಾದರೆ ಆ ದಿನದ ಕೂಲಿಯನ್ನು ತೊರೆಯಬೇಕು. ಬಂದರೂ, ಲೆಕ್ಕವನ್ನು ಯಾರೂ ಓದಿ ಹೇಳದೆ ಪುಸ್ತಕವನ್ನು ಮುಂದೊಡ್ಡಿದರೆ, ಆಕೆ ರುಜುವನ್ನೋ ಹೆಬ್ಬೆಟ್ಟನ್ನೋ ಒತ್ತಿ ಹೊರಡುವಳು. ಕಾಗದದಲ್ಲಿ ಆಕೆ ಆಡಳಿತಗಾರ್ತಿ. ವಸ್ತುತಃ ಸಾಕ್ಷಿಯೂ ಅಲ್ಲ. ಇದಕ್ಕೆ ಪರಿಹಾರವು ಹೊಸ ಕಾಯಿದೆಯಲ್ಲ. ಸಭೆಯನ್ನು ಸಂಜೆ ಕೂಡಿಸುವುದು, ಆದಾಯ ವೆಚ್ಚಗಳನ್ನು ಗಟ್ಟಿಯಾಗಿ ಓದುವುದು, ಅವನ್ನೇ ಶಾಲೆಯ ಗೋಡೆಯ ಮೇಲೆ ಬರೆಯುವುದು, ಇಷ್ಟೇ ಸಾಕಷ್ಟು ಕೆಲಸ ಮಾಡುವುವು.

ಇನ್ನು ಮೇರೆಯ ಪ್ರಶ್ನೆ. ಪಾಠ ಹೇಳುವ ಕ್ರಮವು ಉಪಾಧ್ಯಾಯರಿಗೆ ಸೇರಿದ್ದು. ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ 'ನಲಿ ಕಲಿ' ಪದ್ಧತಿಯು, ಉಪಾಧ್ಯಾಯರಿಗೆ ಸ್ವಾತಂತ್ರ್ಯವಿತ್ತರೆ ಏನಾಗಬಲ್ಲದೆಂಬುದಕ್ಕೆ ನಿದರ್ಶನ. ಅದರಲ್ಲಿ ಸಮಿತಿಯು ಕೈಹಾಕಬಾರದು. ಆದರೆ ಉಪಾಧ್ಯಾಯರು ಹೊತ್ತಿಗೆ ಬರುವರೇ, ಮಕ್ಕಳಿಗೆ ಊಟವೂ ನೀರೂ ದೊರೆಯುವುವೇ ಎಂದು ಕೇಳುವುದು ಸಮಿತಿಯ ಹಕ್ಕು. ಉಪಾಧ್ಯಾಯರ ನೇಮಕವೂ ವರ್ಗಾವಣೆಯೂ ಇಲಾಖೆಯ ಕೈಯಲ್ಲಿವೆಯಾದ್ದರಿಂದ, ಬರಿದಾದ ಹುದ್ದೆಗೆ ಇಲಾಖೆಯೇ ಉತ್ತರವಾದಿ. ಆ ಹೊರೆಯನ್ನು ಊರಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಜಾತ್ರೆಯ ಕಾಲದಲ್ಲಿ ಮಕ್ಕಳು ಶಾಲೆಗೆ ಬಾರದಿದ್ದರೆ ದೂರುವುದು ಸುಲಭ. ಶಾಲೆಯ ವಾರ್ಷಿಕ ದಿನಗಣನೆಯನ್ನು ನಿಶ್ಚಯಿಸುವ ಕೆಲಸವನ್ನು ಕಾಯಿದೆಯ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಊರಿನ ಬಾಳನ್ನು ಬಲ್ಲವರು ಕುಳಿತು, ಜಾತ್ರೆಗೆ ರಜವಿತ್ತು ಬೇರೆ ದಿನಗಳಲ್ಲಿ ಪಾಠವನ್ನು ತುಂಬಿಕೊಳ್ಳುವಂತೆ ಕೇಳಿದರೆ ಮಗುವಿಗೂ ನಷ್ಟವಿಲ್ಲ, ಮನೆಗೂ ತೊಡಕಿಲ್ಲ.

ಉಳ್ಳವರು ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಿಯಾರು. ಬಡವರ ಮಗುವಿಗೆ ಊರಿನ ಶಾಲೆಯೊಂದೇ ಗತಿ. ಅದು ಕೆಟ್ಟರೆ ಕೆಡುವುದು ಆ ಮಗುವಿನ ಬಾಳು. ಆದುದರಿಂದ ಮುಂದಿನ ಸಭೆಗೆ ಹೋಗಿರಿ. ಈ ವರ್ಷ ಎಷ್ಟು ಹಣ ಬಂದಿತು, ಯಾವುದಕ್ಕೆ ವೆಚ್ಚವಾಯಿತು, ನನ್ನ ಮಗು ಓದಲು ಕಲಿತಿದೆಯೇ ಎಂಬ ಮೂರು ಮಾತುಗಳನ್ನು ವಿನಯದಿಂದ ಕೇಳಿರಿ. ಉತ್ತರ ದೊರೆಯುವವರೆಗೆ ರುಜು ಹಾಕಬೇಡಿರಿ.