ಬೆನ್ನುಹುರಿಗೆ ಹೊರಗಿನಿಂದ ವಿದ್ಯುತ್ ಪ್ರಚೋದನೆ: ಮಿದುಳಿನಲ್ಲಿ ಏನಾಗುತ್ತದೆ?

ಬಾಗಲಗುಂಟೆ, ದಾಸರಹಳ್ಳಿ, ಪೀಣ್ಯ ಭಾಗದ ಸಣ್ಣ ಘಟಕಗಳಲ್ಲಿ ಅಪಘಾತವೆಂದರೆ ಪ್ರೆಸ್‌ಗೆ ಸಿಕ್ಕ ಬೆರಳು ಎಂಬ ಭಾವನೆಯೇ ಹೆಚ್ಚು. ಶೀಟ್ ಛಾವಣಿಯಿಂದ ಬಿದ್ದವನಿಗೆ, ರಾತ್ರಿ ಪಾಳಿ ಮುಗಿಸಿ ಹೆಸರಘಟ್ಟ ರಸ್ತೆಯಲ್ಲಿ ಬೈಕಿನಿಂದ ಉರುಳಿದವನಿಗೆ ಆಗುವ ಕುತ್ತಿಗೆಯ ಪೆಟ್ಟು ಬೇರೆಯೇ ಬಗೆಯದು. ಬೆನ್ನುಹುರಿಗೆ ಹಾನಿಯಾದರೆ ನುರಿತ ಕಾರ್ಮಿಕನ ಕೈ ವೆರ್ನಿಯರ್ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಇಂತಹವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ, ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಬೆನ್ನುಹುರಿಯನ್ನು ಪ್ರಚೋದಿಸುವ ವಿಧಾನವೊಂದು ಈಗ ಪ್ರಯೋಗಾಲಯವನ್ನು ದಾಟಿ ಬಂದಿದೆ.

60 ಮಂದಿಯ ಮೇಲೆ ನಡೆದ ಅಂತಾರಾಷ್ಟ್ರೀಯ ಪ್ರಯೋಗವೊಂದರ ಫಲಿತಾಂಶ 2024ರ ಮೇ ತಿಂಗಳಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ತಿಂಗಳು ಕೇವಲ ವ್ಯಾಯಾಮ, ಅನಂತರದ ಎರಡು ತಿಂಗಳು ವ್ಯಾಯಾಮದೊಂದಿಗೆ ಪ್ರಚೋದನೆ ಎಂಬುದು ಅದರ ಕ್ರಮ. ಶೇ. 72ರಷ್ಟು ಮಂದಿಯಲ್ಲಿ ಕೈಗಳ ಬಲ ಮತ್ತು ಬಳಕೆ ಎರಡರಲ್ಲೂ ಸುಧಾರಣೆ ಕಂಡುಬಂದಿತು. ಆ ಉಪಕರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯ ಸಂಪರ್ಕ ಪೂರ್ಣವಾಗಿ ಕಡಿದುಹೋಗದ, ಹಳೆಯ ಗಾಯಗಳಿಗೆ ಮಾತ್ರ ಈ ಅನುಮತಿ ಅನ್ವಯಿಸುತ್ತದೆ. ಈ ಷರತ್ತು ಮುಖ್ಯ.

ಚರ್ಮದ ಮೂಲಕ ಹಾಯುವ ವಿದ್ಯುತ್ತು ಸ್ನಾಯುವಿಗೆ ನೇರವಾಗಿ ಆಜ್ಞೆ ಕೊಡುವುದಿಲ್ಲ. ಬೆನ್ನುಹುರಿಗೆ ಸುದ್ದಿ ಒಯ್ಯುವ ಸಂವೇದನಾ ನರಗಳನ್ನು ಅದು ಎಚ್ಚರಿಸುತ್ತದೆ. ಕೇಂದ್ರ ಕಚೇರಿಯ ಆದೇಶವು ದುರ್ಬಲ ತಂತಿಯ ಮೇಲೆ ಅಸ್ಪಷ್ಟವಾಗಿ ಬಂದರೂ, ಶಾಖಾ ಕಚೇರಿಯ ಗುಮಾಸ್ತ ಮೊದಲೇ ಸಿದ್ಧನಾಗಿದ್ದರೆ ಕೆಲಸ ನಡೆಯುತ್ತದೆಯಲ್ಲವೆ? ಹಾಗೆ ಬೆನ್ನುಹುರಿಯ ನರಜಾಲವು ಮಿದುಳಿನ ಕ್ಷೀಣ ಸಂದೇಶಕ್ಕೂ ಓಗೊಡುವ ಸ್ಥಿತಿಗೆ ಬರುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಹಾಗಾದರೆ ಕೇಂದ್ರ ಕಚೇರಿಯಲ್ಲಿ, ಅಂದರೆ ಮಿದುಳಿನಲ್ಲಿ, ಬದಲಾವಣೆ ಆಗುವುದೆ? ಕೈ ಚಲಿಸುವಾಗ ಮಿದುಳಿನ ಚಾಲನಾ ಭಾಗದ ಕೆಲವು ವಿದ್ಯುತ್ ಅಲೆಗಳು ತಗ್ಗುತ್ತವೆ. ಚಲನೆ ನಿಂತ ಮೇಲೆ ಮತ್ತೆ ಏರುತ್ತವೆ. ತಲೆಯ ಮೇಲೆ ಇ.ಇ.ಜಿ. ಟೋಪಿ ಹಾಕಿ ಇದನ್ನು ಅಳೆಯಬಹುದು. ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ತಂಡವು ಆರೋಗ್ಯವಂತರಾದ 30 ಮಂದಿಯ ಕುತ್ತಿಗೆಗೆ 10 ನಿಮಿಷ ಪ್ರಚೋದನೆ ನೀಡಿ, ಅವರು ಕೈಯಾಡಿಸುತ್ತಿರುವಾಗಲೇ ಈ ಅಲೆಗಳನ್ನು ದಾಖಲಿಸಿತು. 2022ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಗುಂಪಿನ ಮಟ್ಟದಲ್ಲಿ ಒಂದೇ ದಿಕ್ಕಿನ ಬದಲಾವಣೆ ಕಾಣಲಿಲ್ಲ; ವಿದ್ಯುತ್ತಿನ ಪ್ರಮಾಣಕ್ಕೂ ಪರಿಣಾಮಕ್ಕೂ ಸಂಬಂಧ ಸಿಗಲಿಲ್ಲ. ಲೆಕ್ಕ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕೆಲವರ ಜಮೆ, ಕೆಲವರ ಖರ್ಚು ಕೂಡಿದಾಗ ಶಿಲ್ಕು ಸೊನ್ನೆಯಾಗಬಹುದು. ಹಾಗೆಂದು ವ್ಯವಹಾರವೇ ನಡೆದಿಲ್ಲವೆನ್ನಲಾಗದು. ಆರೋಗ್ಯವಂತರ ಅಖಂಡ ನರಮಾರ್ಗಕ್ಕೆ ಹೊರಗಿನ ನೆರವು ಬೇಕಿಲ್ಲ ಎಂಬ ಸಾಧ್ಯತೆಯೂ ಇದೆ.

ಕೈಕಾಲು ಸ್ವಾಧೀನ ತಪ್ಪಿದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇನ್ನಷ್ಟು ಕುತೂಹಲಕರ. ಪ್ರಚೋದನೆಯಿಂದ ಬೆನ್ನುಹುರಿಯ ಮಟ್ಟದಲ್ಲಿ ಚುರುಕು ಹೆಚ್ಚಿತು. ಆದರೆ 5 ಕಿಲೋಹರ್ಟ್ಸ್ ಆವರ್ತನದ ಅಲೆಯನ್ನು ಬೆರೆಸಿ ಕೊಟ್ಟಾಗ ಮಿದುಳಿನ ಹೊರಪದರದಲ್ಲಿ ತಡೆಯುವ ಕ್ರಿಯೆ ಹೆಚ್ಚಾಯಿತು. ಆವರ್ತನ ಬದಲಾದರೆ ಫಲವೂ ಬದಲಾಗುತ್ತದೆಂದಾಯಿತು. ಆದ್ದರಿಂದ ಜಾಹೀರಾತು ನೋಡಿ, ನೋವು ನಿವಾರಕ ವಿದ್ಯುತ್ ಯಂತ್ರವನ್ನು ಇದೇ ಚಿಕಿತ್ಸೆಯೆಂದು ಭಾವಿಸಿ ಕೊಳ್ಳುವುದು ಹಣವನ್ನು ನೀರಿಗೆ ಹಾಕಿದಂತೆ. ಗಾಯಾಳುವನ್ನು ಮೊದಲು ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನಕ್ಕೆಂದೇ ವಿಭಾಗವಿದೆ.

ತಯಾರಕರಿಗೂ ಇಲ್ಲೊಂದು ವಿಷಯವಿದೆ. ಎಲೆಕ್ಟ್ರೋಡ್, ಸರ್ಕ್ಯೂಟ್ ಬೋರ್ಡ್, ಹೊರಕವಚಗಳನ್ನು ಮಾಡಬಲ್ಲ ಕೈಗಳು ಪೀಣ್ಯದಲ್ಲಿವೆ. ಆದರೆ ಸಿದ್ಧ ಉಪಕರಣವನ್ನು ತಯಾರಿಸಿ ಮಾರಲು 2017ರ ವೈದ್ಯಕೀಯ ಉಪಕರಣ ನಿಯಮಗಳಡಿ ಪರವಾನಗಿ ಬೇಕು.

ಮಾಲೀಕರ ಮಟ್ಟಿಗೆ ಹೇಳುವುದಾದರೆ, ಇ.ಎಸ್.ಐ. ವಂತಿಗೆ 2019ರ ಜುಲೈ 1ರಿಂದ ಒಟ್ಟು ಶೇ. 4, ಅದರಲ್ಲಿ ಮಾಲೀಕರ ಪಾಲು ಶೇ. 3.25. ಕೆಲಸದಿಂದಾದ ಶಾಶ್ವತ ಪೂರ್ಣ ಅಂಗವಿಕಲತೆಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ಜೀವನಪರ್ಯಂತ ದೊರೆಯುತ್ತದೆ. 2010ರ ತಿದ್ದುಪಡಿಯ ಬಳಿಕ, ಕೆಲಸಕ್ಕೆ ಸಂಬಂಧಪಟ್ಟಿದ್ದೆಂದು ಸಿದ್ಧವಾದರೆ, ಮನೆ ಮತ್ತು ಕಾರ್ಖಾನೆಯ ನಡುವಿನ ದಾರಿಯ ಅಪಘಾತವೂ ಇದಕ್ಕೆ ಸೇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನ ಪರವಾಗಿ ಅದನ್ನು ಸಿದ್ಧಪಡಿಸುವುದು ಬಹಳ ಕಷ್ಟ.