ಉಕ್ಕಡದ ಕೆರೆಯ ದಂಡೆಯಲ್ಲಿ

ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗನು ಆ ಹೆಸರನ್ನು ಕುರಿತು ಒಂದು ಗಳಿಗೆ ಯೋಚಿಸಬೇಕು. ಉಕ್ಕಡವೆಂದರೆ ಕಾವಲುಠಾಣೆ. ಶ್ರೀರಂಗಪಟ್ಟಣದ ಕಡೆಯ ಆರತಿ ಉಕ್ಕಡವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನಲ್ಲಿಯೂ ಅರ್ಥ ಅದೇ ಆದ್ದರಿಂದ ಶಬ್ದ ಯಾರದೆಂಬ ಜಗಳ ನಮಗೆ ಬೇಡ. ಸಮೀಪದಲ್ಲಿ ಕೋಟೆಯಿತ್ತು. ಇಂಗ್ಲಿಷರ ಕೈಸೇರಿದ್ದ ಅದನ್ನು 1791ರ ನವೆಂಬರಿನಲ್ಲಿ ಟಿಪ್ಪುವಿನ ಸೇನೆ ಮರಳಿ ಪಡೆಯಿತು. 1799ರಲ್ಲಿ ಅವನು ಮಡಿದ ಮೇಲೆ ಸೀಮೆಯೆಲ್ಲ ಕುಂಪಣಿಯ ಪಾಲಾಯಿತು. ಇಂದು ಕೋಟೆಯಿಲ್ಲ, ಕೋಟ್ಟೈಮೇಡು ಎಂಬ ಕೇರಿಯ ಹೆಸರಿದೆ.

ಕೋಟೆ ಹೋದರೂ ಕೆರೆ ಉಳಿಯಿತು. ವೆಳ್ಳಿಯಂಗಿರಿ ಬೆಟ್ಟದಿಂದಿಳಿಯುವ ನೊಯ್ಯಲ್ ಹೊಳೆಗೆ ಕಟ್ಟೆ ಕಟ್ಟಿ, ಕಾಲುವೆ ತೋಡಿ, ಹಿರಿಯರು ಪೆರಿಯಕುಳವನ್ನು, ಅಂದರೆ ದೊಡ್ಡಕೆರೆಯನ್ನು, ತುಂಬಿಸುತ್ತಿದ್ದರು. ಮಿಕ್ಕ ನೀರು ವಾಲಾಂಗುಳಕ್ಕೆ. ನಗರ ಬೆಳೆದಂತೆ ಹೂಳೂ ಚರಂಡಿಯ ನೀರೂ ಸೇರಿ ಕೆರೆ ಕೆಟ್ಟಿತು. 2013ರಲ್ಲಿ ನಾಗರಿಕರೇ ಹೂಳೆತ್ತಲು ಇಳಿದರು. ಅನಂತರ ನಡೆದಾಡುವ ದಾರಿಯೂ ದೀಪಗಳೂ ಬಂದವು. ದಂಡೆಯ ಗುಡಿಸಲುಗಳವರು ಮಾತ್ರ ನೀರಿನಿಂದ ದೂರಕ್ಕೆ ಹೋಗಬೇಕಾಯಿತು. ಚೆಲುವಿನ ಲೆಕ್ಕದಲ್ಲಿ ಇದನ್ನೂ ಬರೆಯತಕ್ಕದ್ದು.

ಕೆರೆಯಿಂದ ಅನತಿದೂರದ ರಾಜಬೀದಿಯಲ್ಲಿ ದೇವಾಂಗರ ಚೌಡೇಶ್ವರಿಯ ಗುಡಿಯಿದೆ. ನೇಯ್ಗೆಯ ಈ ಕುಲದವರ ಮನೆಮಾತು ಕನ್ನಡ, ಓದುಬರಹ ತಮಿಳು. ಉಪಾಧ್ಯಾಯನಾದ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಲ್ಲಿಯ ಅಜ್ಜಿಯೊಬ್ಬರು ಕನ್ನಡದಲ್ಲಿಯೇ ಮಾತನಾಡಿಸಿ ಜಗಲಿಯ ಮೇಲೆ ಕೂರಿಸಿದರು. ಕೈಯಲ್ಲಿದ್ದ ಈ ಮಾಸಪತ್ರಿಕೆಯನ್ನು ಕೊಟ್ಟೆನು. ಚಿತ್ರಗಳನ್ನಷ್ಟೇ ನೋಡಿ, ಹಾಳೆಯನ್ನು ಸವರಿ ಮರಳಿಸಿದರು.

“ನಮ್ಮ ಮಾತೇ ಅಲ್ಲವೇನಪ್ಪ? ನೀನೇ ಓದು, ಕೇಳ್ತೀನಿ.”

ದೀಪ ಹಚ್ಚುವ ಹೊತ್ತಿನವರೆಗೆ ಓದಿದೆನು. ಮೊಮ್ಮಕ್ಕಳೂ ಬಂದು ಕುಳಿತರು.